ಕಟ್ಟಿಸಿದ ಡೀಸೆಲ್ ಇಂಜಿನ್: ಮೊದಲ ಸಾವಿರ ಕಿಲೋಮೀಟರ್



ನಮ್ಮ ಉದ್ಯಮದಲ್ಲಿ ಒಲೆಯ ನಂತರ ಅತಿ ಹೆಚ್ಚು ದುಡಿಯುವುದು ಗಾಡಿ. ಬೆಳಗಿನ ಜಾವ ಮಾರ್ಕೆಟಿನಿಂದ ತರಕಾರಿ ತರುವುದರಿಂದ ಹಿಡಿದು ರಾತ್ರಿ ಹಾಲ್‌ನಿಂದ ಖಾಲಿ ಪಾತ್ರೆ ವಾಪಸು ತರುವವರೆಗೆ ಅದಕ್ಕೆ ಬಿಡುವಿಲ್ಲ. ಕೇಟರಿಂಗ್ ಮಾಡುವವರ ಮಟ್ಟಿಗಂತೂ ಗಾಡಿ ನಿಂತರೆ ಮರ್ಯಾದೆಯೇ ಹೋದಂತೆ. ಆರುನೂರು ಜನರ ಊಟ ದಾರಿಯಲ್ಲಿ ಬಾಕಿಯಾದರೆ ಯಾವ ಸಮಜಾಯಿಷಿಯೂ ನಡೆಯುವುದಿಲ್ಲ.

ಹಾಗಿದ್ದೂ ಗಾಡಿಯ ಇಂಜಿನ್ ಬಿಚ್ಚಿಸಿ ಬೋರ್ ಮಾಡಿಸಿ, ಹೊಸ ಪಿಸ್ಟನ್, ರಿಂಗ್, ಬೇರಿಂಗ್ ಹಾಕಿಸಿ ಕಟ್ಟಿಸಿದ ಮೇಲೆ, ಬಿಲ್ಲು ಕೊಟ್ಟು ಕೀ ತೆಗೆದುಕೊಂಡರೆ ಕೆಲಸ ಮುಗಿಯಿತು ಎಂದೇ ನಮ್ಮಲ್ಲಿ ಹೆಚ್ಚಿನವರ ತಿಳುವಳಿಕೆ. ನಿಜ ಹೇಳಬೇಕೆಂದರೆ ಗ್ಯಾರೇಜಿನಲ್ಲಿ ಆಗುವುದು ಅರ್ಧ ಕೆಲಸ. ಉಳಿದ ಅರ್ಧ ರಸ್ತೆಯಲ್ಲಿ ಆಗಬೇಕು, ಅದನ್ನು ಮಾಡಬೇಕಾದವರು ನಾವು ಮತ್ತು ನಮ್ಮ ಡ್ರೈವರ್. ಆ ಅರ್ಧ ಸರಿಯಾದರೆ ಇಂಜಿನ್ ವರ್ಷಗಟ್ಟಲೆ ಬಾಳುತ್ತದೆ, ಕೆಟ್ಟರೆ ಕೆಲವೇ ತಿಂಗಳಲ್ಲಿ ಹೊಗೆ ಬಿಡಲು ಶುರುಮಾಡುತ್ತದೆ. ನಾವು ಇಂಜಿನಿಯರಿಂಗ್ ಕಲಿತವರಲ್ಲ. ಆದರೆ ಮೂವತ್ತು ವರ್ಷಗಳಿಂದ ಟೆಂಪೊ, ಪಿಕಪ್ ಇಟ್ಟುಕೊಂಡು, ಒಳ್ಳೆಯ ಮೆಕ್ಯಾನಿಕರ ಪಕ್ಕದಲ್ಲಿ ನಿಂತು ನೋಡಿ, ಕೇಳಿ ತಿಳಿದದ್ದನ್ನು ಇಲ್ಲಿ ಹೇಳುತ್ತೇವೆ.

ಒಳಗೆ ಆಗುವುದೇನು?

ಪೆಟ್ರೋಲ್ ಇಂಜಿನ್ನಿನಲ್ಲಿ ಪ್ಲಗ್ ಕಿಡಿ ಹಾರಿಸಿ ಬೆಂಕಿ ಹಚ್ಚುತ್ತದೆ. ಡೀಸೆಲ್ ಇಂಜಿನ್ನಿಗೆ ಕಿಡಿ ಇಲ್ಲ. ಪಿಸ್ಟನ್ ಮೇಲೆ ಬರುವಾಗ ಗಾಳಿಯನ್ನು ಅದರ ಗಾತ್ರದ ಹದಿನೆಂಟು-ಇಪ್ಪತ್ತನೇ ಒಂದು ಪಾಲಿನಷ್ಟಕ್ಕೆ ಒತ್ತಿಬಿಡುತ್ತದೆ. ಹಾಗೆ ಒತ್ತಿದ ಗಾಳಿ 500 ಡಿಗ್ರಿಗೂ ಮೇಲೆ ಕಾಯುತ್ತದೆ. ಆ ಕಾದ ಗಾಳಿಗೆ ನೋಜಲ್‌ನಿಂದ ಡೀಸೆಲ್ ಸಿಡಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ 1893ರಲ್ಲಿ ಪೇಟೆಂಟ್ ಪಡೆದು 1897ರಲ್ಲಿ ಓಡಿಸಿ ತೋರಿಸಿದ ಇಂಜಿನ್ನಿನ ಮೂಲ ಗುಟ್ಟು ಇಷ್ಟೇ. ಇಂದಿನ ನಮ್ಮ ಪಿಕಪ್ಪಿನಲ್ಲೂ ಅದೇ ಗುಟ್ಟು.

ಹಾಗಾದರೆ ಡೀಸೆಲ್ ಇಂಜಿನ್ನಿಗೆ ಒತ್ತಡವೇ ಪ್ರಾಣ. ಆ ಒತ್ತಡ ಸೋರದಂತೆ ಹಿಡಿಯುವುದು ಪಿಸ್ಟನ್ನಿನ ಸುತ್ತ ಇರುವ ತೆಳ್ಳಗಿನ ರಿಂಗುಗಳು. ಗ್ಯಾರೇಜಿನಲ್ಲಿ ಎಷ್ಟೇ ಅಳತೆ ಹಿಡಿದು ಮಾಡಿದರೂ ಹೊಸ ರಿಂಗಿನ ದುಂಡಗೂ ಹೊಸ ಬೋರಿನ ದುಂಡಗೂ ಕೂದಲೆಳೆಯಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ಎರಡೂ ಒಂದನ್ನೊಂದು ಸವೆಸಿಕೊಂಡು ಹೊಂದಿಕೊಳ್ಳಬೇಕು. ಇದನ್ನೇ ಗ್ಯಾರೇಜಿನವರು ರಿಂಗ್ 'ಕೂರುವುದು' ಎನ್ನುತ್ತಾರೆ.

ನಮ್ಮ ಗ್ರೈಂಡರ್ ಕಲ್ಲನ್ನೇ ನೆನಪಿಸಿಕೊಳ್ಳಿ. ಕಲ್ಲು ನುಣುಪಾದರೆ ಹಿಟ್ಟು ನುಣ್ಣಗಾಗುವುದಿಲ್ಲ, ಬಿಸಿಯಾಗುತ್ತದೆ ಅಷ್ಟೇ. ಆಗ ಜನ ಕರೆಸಿ ಉಳಿಯಿಂದ ಕಲ್ಲು ಕುಟ್ಟಿಸುತ್ತೇವೆ. ಕುಟ್ಟಿದ ಮೇಲೆ ಮೊದಲ ಸಲ ಅರೆದದ್ದನ್ನು ಯಾರೂ ಗಿರಾಕಿಗೆ ಕೊಡುವುದಿಲ್ಲ, ಅದರಲ್ಲಿ ಕಲ್ಲಿನ ಹುಡಿ ಇರುತ್ತದೆ, ಚೆಲ್ಲುತ್ತೇವೆ. ಇಂಜಿನ್ ಬೋರಿನಲ್ಲೂ ಹೀಗೆಯೇ. ಬೋರ್ ಮಾಡಿದ ಮೇಲೆ ಹೋನಿಂಗ್ ಎಂಬ ಕೆಲಸ ಮಾಡಿ ಗೋಡೆಯ ತುಂಬ ಅಡ್ಡಡ್ಡ ಸಣ್ಣ ಗೀರು ಎಳೆಯುತ್ತಾರೆ. ಈ ಗೀರುಗಳ ತಗ್ಗಿನಲ್ಲಿ ಎಣ್ಣೆ ನಿಲ್ಲುತ್ತದೆ, ಉಬ್ಬಿನ ಮೇಲೆ ಹೊಸ ರಿಂಗ್ ಉಜ್ಜಿ ಹೊಂದಿಕೊಳ್ಳುತ್ತದೆ. ಉಜ್ಜುವಾಗ ಬರುವ ಲೋಹದ ಹುಡಿ ಎಣ್ಣೆಗೆ ಸೇರುತ್ತದೆ. ಮೊದಲ ಎಣ್ಣೆಯನ್ನು ಬೇಗ ಬದಲಿಸಬೇಕು ಎನ್ನುವುದು ಈ ಕಾರಣಕ್ಕೆ.

ಈ ಉಜ್ಜುವಿಕೆಗೆ ಸಮಯ ಬಹಳ ಇಲ್ಲ. ಗೀರುಗಳ ಹರಿತ ಇರುವುದು ಮೊದಲ ಕೆಲವು ನೂರು ಕಿಲೋಮೀಟರ್ ಮಾತ್ರ. ಅಷ್ಟರೊಳಗೆ ರಿಂಗ್ ಕೂತರೆ ಕೂತಿತು. ಇಲ್ಲವಾದರೆ ಮತ್ತೆ ಇಂಜಿನ್ ಬಿಚ್ಚಬೇಕು.

ಹೆಚ್ಚು ಮೆತ್ತಗೆ ಓಡಿಸಿದರೂ ಕೆಡುತ್ತದೆ

ಹೊಸ ಇಂಜಿನ್ ಎಂದರೆ ಮೆಲ್ಲಗೆ, ಮೆಲ್ಲಗೆ ಎಂದು ಎಲ್ಲರೂ ಹೇಳುತ್ತಾರೆ. ಪೂರ್ತಿ ಹೊರೆ ಹಾಕಬಾರದು, ಓಡಿಸಿ ಓಡಿಸಿ ಕಾಯಿಸಬಾರದು, ಅದು ಸರಿ. ಆದರೆ ತೀರಾ ಮೆಲ್ಲಗೆ ಓಡಿಸಿದರೆ ಇನ್ನೊಂದು ಕೇಡು ಇದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ.

ರಿಂಗನ್ನು ಗೋಡೆಗೆ ಒತ್ತುವುದು ಅದರ ಸ್ವಂತ ಬಿಗಿ ಮಾತ್ರ ಅಲ್ಲ. ಡೀಸೆಲ್ ಉರಿದಾಗ ಹುಟ್ಟುವ ಗ್ಯಾಸು ರಿಂಗಿನ ಹಿಂಬದಿಗೆ ನುಗ್ಗಿ ಅದನ್ನು ಗೋಡೆಗೆ ಅದುಮುತ್ತದೆ. ಇಂಜಿನ್ನಿಗೆ ತಕ್ಕಷ್ಟು ಕೆಲಸ ಕೊಟ್ಟರೆ ಮಾತ್ರ ಆ ಒತ್ತಡ ಹುಟ್ಟುತ್ತದೆ. ಗಾಡಿ ನಿಲ್ಲಿಸಿ ಇಂಜಿನ್ ಚಾಲೂ ಇಟ್ಟರೆ ಒತ್ತಡ ಸಾಲುವುದಿಲ್ಲ, ಇಂಜಿನ್ ಸರಿಯಾಗಿ ಕಾಯುವುದೂ ಇಲ್ಲ. ಅರೆಬೆಂದ ಡೀಸೆಲ್ ಮತ್ತು ಎಣ್ಣೆ ಗೋಡೆಗೆ ವಾರ್ನಿಷ್‌ನಂತೆ ಅಂಟಿ ಗೀರುಗಳನ್ನು ಮುಚ್ಚುತ್ತದೆ. ಗೋಡೆ ಕನ್ನಡಿಯಂತೆ ಹೊಳೆಯುತ್ತದೆ, ರಿಂಗ್ ಜಾರುತ್ತದೆಯೇ ಹೊರತು ಕೂರುವುದಿಲ್ಲ. ಹಾಗಾದ ಇಂಜಿನ್ ಎಣ್ಣೆ ಕುಡಿಯುತ್ತಲೇ ಇರುತ್ತದೆ.

ನಮ್ಮ ಪರಿಚಯದ ಮಾಲಕರೊಬ್ಬರ ಪಿಕಪ್ಪಿನ ಸಂಗತಿ ಹೇಳುತ್ತೇವೆ. ಮದುವೆ ಸೀಸನ್ನಿನ ಮೊದಲು ಹತ್ತಾರು ಸಾವಿರ ಖರ್ಚು ಮಾಡಿ ಇಂಜಿನ್ ಕಟ್ಟಿಸಿದರು. ಮೂರು ತಿಂಗಳಿಗೆ ನೀಲಿ ಹೊಗೆ, ವಾರಕ್ಕೊಮ್ಮೆ ಎಣ್ಣೆ ಸುರಿಯಬೇಕಾದ ಸ್ಥಿತಿ. ಗ್ಯಾರೇಜಿನವರನ್ನು ಕೇಳಿದರೆ "ಡ್ರೈವರ್ ರೇಸ್ ಮಾಡಿದ್ದಾನೆ" ಎಂದರು. ಡ್ರೈವರ್ ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ. ಲೆಕ್ಕ ಚುಕ್ತಾ ಮಾಡಿ ಅವನನ್ನು ಕಳುಹಿಸಿದರು. ಆಮೇಲೆ ಬೇರೆ ಮೆಕ್ಯಾನಿಕ್ ಇಂಜಿನ್ ಬಿಚ್ಚಿದಾಗ ಬೇರಿಂಗ್, ಪಿಸ್ಟನ್ ಎಲ್ಲ ಚೆನ್ನಾಗಿತ್ತು, ಎಲ್ಲೂ ಕಾದ ಗುರುತಿಲ್ಲ. ಲೈನರ್ ಮಾತ್ರ ಕನ್ನಡಿಯಂತೆ ಹೊಳೆಯುತ್ತಿತ್ತು. ವಿಚಾರಿಸುತ್ತಾ ಹೋದಾಗ ಗೊತ್ತಾದದ್ದು ಇಷ್ಟು: ಇಂಜಿನ್ ಹೊಸದಾದರೂ ಬ್ಯಾಟರಿ ಹಳೆಯದೇ ಉಳಿದಿತ್ತು. ಒಮ್ಮೆ ಬಂದ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗದಿದ್ದರೆ ಊಟ ತಡವಾದೀತು ಎಂಬ ಭಯಕ್ಕೆ ಆ ಹುಡುಗ ಹಾಲ್ ಗೇಟಿನಲ್ಲಿ ಗಂಟೆಗಟ್ಟಲೆ ಇಂಜಿನ್ ಚಾಲೂ ಇಡುತ್ತಿದ್ದ. ರೇಸ್ ಮಾಡಿದ್ದಲ್ಲ, ಅದಕ್ಕೆ ತದ್ವಿರುದ್ಧ. ಮಾಲಕರು ಅವನಿಗೆ ಫೋನು ಮಾಡಿ ವಾಪಸು ಕರೆದರು. ಅಷ್ಟರಲ್ಲಿ ಅವನು ಬೇರೆ ಕಡೆ ಸೇರಿಯಾಗಿತ್ತು.

ಬ್ಯಾಟರಿ ಒಂದರ ವಿಷಯದಲ್ಲಿ ಹಿಂದೆ ಸರಿದದ್ದಕ್ಕೆ ಇಂಜಿನ್ನಿಗೆ ಎರಡು ಸಲ ಖರ್ಚಾಯಿತು, ನಂಬಿಗಸ್ತ ಆಳು ಕೈಬಿಟ್ಟು ಹೋದ. ಆದ್ದರಿಂದ ಮುಂದಿನ ಮಾತುಗಳನ್ನು ದಯವಿಟ್ಟು ಗಮನವಿಟ್ಟು ಓದಿ, ನಿಮ್ಮ ಡ್ರೈವರಿಗೂ ಓದಿ ಹೇಳಿ.

ಗ್ಯಾರೇಜಿನಿಂದ ಹೊರಡುವ ಮೊದಲು

1. ಬೋರಿಂಗ್ ಮಾಡಿದವರ ಬಿಲ್ಲು ಕೇಳಿ ಇಟ್ಟುಕೊಳ್ಳಿ. ಪಿಸ್ಟನ್ ಸ್ಟಾಂಡರ್ಡ್ ಅಳತೆಯೋ, 0.25 ಅಥವಾ 0.50 ಮಿ.ಮೀ. ದೊಡ್ಡದೋ, ಕ್ರ್ಯಾಂಕ್ ಎಷ್ಟು ಗ್ರೈಂಡ್ ಆಗಿದೆ ಎಂಬುದು ಅದರಲ್ಲಿ ಇರಬೇಕು. ಮುಂದೆ ಬಿಡಿಭಾಗ ಬೇಕಾದಾಗ ಇದೇ ಆಧಾರ. ತೆಗೆದ ಹಳೆಯ ಪಿಸ್ಟನ್, ರಿಂಗ್, ಬೇರಿಂಗ್ ತೋರಿಸಲು ಹೇಳಿ.

2. ಬ್ಯಾಟರಿ, ಸೆಲ್ಫ್, ಡೈನಮೊ ಸರಿಯಿದೆಯೇ ನೋಡಿ. ಗಾಡಿ ಎಲ್ಲಿ ಬೇಕಾದರೂ ಬಂದ್ ಮಾಡಿ ಮತ್ತೆ ಸ್ಟಾರ್ಟ್ ಮಾಡುವಂತಿರಬೇಕು.

3. ಏರ್ ಫಿಲ್ಟರ್ ಹೊಸದು ಹಾಕಿಸಿ. ಫಿಲ್ಟರಿನಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಪೈಪು ಬಿರುಕು ಬಿಟ್ಟಿದ್ದರೆ, ಕ್ಲಿಪ್ ಸಡಿಲವಾಗಿದ್ದರೆ ರಸ್ತೆಯ ಧೂಳು ನೇರ ಒಳಗೆ ಹೋಗುತ್ತದೆ. ಹೊಸ ರಿಂಗಿಗೆ ಧೂಳಿನಷ್ಟು ದೊಡ್ಡ ವೈರಿ ಇಲ್ಲ.

4. ರೇಡಿಯೇಟರ್ ತೊಳೆಸಿ, ಹೋಸ್ ಪೈಪು, ಫ್ಯಾನ್ ಬೆಲ್ಟ್ ನೋಡಿ. ಬರೀ ನಲ್ಲಿ ನೀರು ಬೇಡ, ಕಂಪನಿ ಹೇಳಿದ ಕೂಲಂಟ್ ಹಾಕಿಸಿ. ಕೆಲವು ಕಡೆ "ಗಾಡಿ ಬಿಸಿಯಾಗುವುದಿಲ್ಲ" ಎಂದು ಥರ್ಮೋಸ್ಟಾಟ್ ಕಿತ್ತು ಬಿಡುವ ರೂಢಿ ಇದೆ. ಅದಕ್ಕೆ ಒಪ್ಪಬೇಡಿ. ಥರ್ಮೋಸ್ಟಾಟ್ ಇಲ್ಲದ ಇಂಜಿನ್ ಬೇಕಾದಷ್ಟು ಕಾಯುವುದೇ ಇಲ್ಲ. ಉರಿಯದ ಡೀಸೆಲ್ ಗೋಡೆಯ ಎಣ್ಣೆಯನ್ನು ತೊಳೆದು ಹಾಕುತ್ತದೆ.

5. ಹಳೆಯ ಇಂಜಿನ್ ಬೇರಿಂಗ್ ಹೋಗಿ ಕೆಟ್ಟದ್ದಾದರೆ, ಆಯಿಲ್ ಕೂಲರ್ ಮತ್ತು ಎಣ್ಣೆಯ ಪೈಪುಗಳಲ್ಲಿ ಲೋಹದ ಚೂರು ಕೂತಿರುತ್ತದೆ. ಅವನ್ನು ತೊಳೆಸಿದ್ದಾರೆಯೇ ಎಂದು ಕೇಳಿ. ಟರ್ಬೊ ಇರುವ ಗಾಡಿಯಾದರೆ ಟರ್ಬೊವನ್ನೂ ಅದರ ಪೈಪುಗಳನ್ನೂ ನೋಡಿಸಿ.

6. ಪಂಪು ಮತ್ತು ನೋಜಲ್ ಪರೀಕ್ಷೆ ಮಾಡಿಸದೆ ಇಂಜಿನ್ ಮಾತ್ರ ಕಟ್ಟಿಸುವುದು ಅರ್ಧಂಬರ್ಧ ಕೆಲಸ. ಹನಿ ಹನಿ ಸೋರುವ ನೋಜಲ್ ಹೊಸ ಪಿಸ್ಟನ್ನಿನ ತಲೆಯನ್ನೇ ಸುಟ್ಟು ಹಾಕಬಹುದು.

7. ಇಂಜಿನ್ ಬ್ಲಾಕನ್ನೇ ಬದಲಿಸಿದ್ದರೆ ಇಂಜಿನ್ ನಂಬರ್ ಬದಲಾಗುತ್ತದೆ. ಆರ್.ಟಿ.ಓ.ದಲ್ಲಿ ಆರ್.ಸಿ. ಪುಸ್ತಕಕ್ಕೆ ಅದನ್ನು ದಾಖಲಿಸಬೇಕು, ಇನ್ಶೂರೆನ್ಸಿನವರಿಗೂ ತಿಳಿಸಬೇಕು. ಅದೇ ಬ್ಲಾಕಿನಲ್ಲಿ ಲೈನರ್ ಹಾಕಿಸಿದ್ದರೆ ನಂಬರ್ ಬದಲಾಗುವುದಿಲ್ಲ.

ಮೊದಲ ಸ್ಟಾರ್ಟ್

ಒಳ್ಳೆಯ ಮೆಕ್ಯಾನಿಕ್ ಕಟ್ಟಿದ ಕೂಡಲೇ ಇಂಜಿನ್ ಉರಿಸುವುದಿಲ್ಲ. ಡೀಸೆಲ್ ಬಂದ್ ಇಟ್ಟು ಸೆಲ್ಫ್ ಮಾತ್ರ ಹೊಡೆದು ಎಣ್ಣೆಯ ಒತ್ತಡ ಬರುವಂತೆ ಮಾಡುತ್ತಾನೆ. ಒಂದೊಂದು ಸಲಕ್ಕೆ ಹತ್ತು-ಹದಿನೈದು ಸೆಕೆಂಡ್, ನಡುವೆ ಸ್ವಲ್ಪ ಬಿಡುವು, ಇಲ್ಲದಿದ್ದರೆ ಸೆಲ್ಫ್ ಮೋಟರ್ ಸುಡುತ್ತದೆ. ಎಣ್ಣೆ ಎಲ್ಲ ಬೇರಿಂಗಿಗೆ, ಟರ್ಬೊಗೆ ತಲುಪಿದ ಮೇಲೆ ಡೀಸೆಲ್ ಪೈಪಿನ ಗಾಳಿ ತೆಗೆದು ಸ್ಟಾರ್ಟ್ ಮಾಡುತ್ತಾನೆ. ಸ್ಟಾರ್ಟ್ ಆದ ಕೆಲವೇ ಸೆಕೆಂಡಿನಲ್ಲಿ ಎಣ್ಣೆಯ ದೀಪ ಆರಬೇಕು. ಆರದಿದ್ದರೆ ತಕ್ಷಣ ಬಂದ್ ಮಾಡಬೇಕು.

ನಂತರ ಐಡಲ್‌ಗಿಂತ ತುಸು ಹೆಚ್ಚಿನ ವೇಗದಲ್ಲಿ ಹತ್ತು-ಹದಿನೈದು ನಿಮಿಷ ಓಡಿಸಿ ಎಣ್ಣೆ, ನೀರು, ಡೀಸೆಲ್ ಎಲ್ಲಾದರೂ ಸೋರುತ್ತಿದೆಯೇ ನೋಡುತ್ತಾರೆ. ಅಷ್ಟು ಸಾಕು. "ರನ್ನಿಂಗ್ ಆಗಲಿ" ಎಂದು ರಾತ್ರಿ ಪೂರ್ತಿ ಗ್ಯಾರೇಜಿನಲ್ಲಿ ಇಂಜಿನ್ ಚಾಲೂ ಬಿಡುವ ಹಳೆಯ ಪದ್ಧತಿ ಕೆಲವೆಡೆ ಇನ್ನೂ ಇದೆ. ಮೇಲೆ ಹೇಳಿದ ಕನ್ನಡಿ ಹೊಳಪು ಬರಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಬಂದ್ ಮಾಡಿ ತಣಿದ ಮೇಲೆ ಎಣ್ಣೆ, ಕೂಲಂಟ್ ಮಟ್ಟ ಮತ್ತೊಮ್ಮೆ ನೋಡಿ ಗಾಡಿಯನ್ನು ರಸ್ತೆಗೆ ಇಳಿಸಬೇಕು.

ರಸ್ತೆಯಲ್ಲಿ: ಮೂರು ಹಂತ

ಕಂಪನಿಯ ಪುಸ್ತಕ ಅಥವಾ ಇಂಜಿನ್ ಕಟ್ಟಿದವರ ಸೂಚನೆ ಬೇರೆ ಇದ್ದರೆ ಅದನ್ನೇ ಅನುಸರಿಸಿ. ಸಾಮಾನ್ಯವಾಗಿ ನಾವು ಪಾಲಿಸುವ ಕ್ರಮ ಹೀಗಿದೆ.

ಮೊದಲ 100 ಕಿ.ಮೀ.: ಖಾಲಿ ಗಾಡಿ, ಅಥವಾ ಹತ್ತಿಪ್ಪತ್ತು ಕ್ರೇಟ್‌ನಷ್ಟು ಹಗುರ ಸಾಮಾನು. ತೆರವಾದ ರಸ್ತೆ ನೋಡಿಕೊಳ್ಳಿ. ಇಂಜಿನ್ ಕಾದ ಮೇಲೆ ಮೂರನೇ ಗೇರಿನಲ್ಲಿ 25-30ರ ವೇಗದಿಂದ 45-50ರ ತನಕ ಆಕ್ಸಿಲರೇಟರ್ ಅರ್ಧಕ್ಕಿಂತ ಹೆಚ್ಚು ಒತ್ತಿ ಏರಿಸಿ. ಆಮೇಲೆ ಕಾಲು ತೆಗೆದು, ಗೇರಿನಲ್ಲೇ ಇಟ್ಟು, ತಾನಾಗಿ ವೇಗ ಇಳಿಯಲು ಬಿಡಿ. ಹೀಗೆ ಹತ್ತಾರು ಸಲ. ಏರಿಸುವಾಗ ಗ್ಯಾಸು ರಿಂಗನ್ನು ಗೋಡೆಗೆ ಒತ್ತುತ್ತದೆ, ಇಳಿಯುವಾಗ ಗೋಡೆಗೆ ಎಣ್ಣೆ ತಲುಪಿ ಬಿಸಿ ತಣಿಯುತ್ತದೆ. ರಿಂಗ್ ಕೂರಲು ಹೆಚ್ಚು ನೆರವಾಗುವುದು ಇದೇ.

100ರಿಂದ 500 ಕಿ.ಮೀ.: ಅರ್ಧ ಹೊರೆಯವರೆಗೆ ಪರವಾಗಿಲ್ಲ. ವೇಗ 60 ಮೀರುವುದು ಬೇಡ. ಒಂದೇ ವೇಗದಲ್ಲಿ ಗಂಟೆಗಟ್ಟಲೆ ಹೋಗಬಾರದು, ಏರಿಸಿ ಇಳಿಸಿ ಬದಲಿಸುತ್ತಿರಬೇಕು. ಮೇಲಿನ ಗೇರಿನಲ್ಲಿ ಇಂಜಿನ್ ತಿಣುಕುತ್ತಾ ಗಾಡಿ ನಡುಗುತ್ತಿದ್ದರೆ ಗೇರು ಇಳಿಸಿ. ಗೇರು ಹಾಕಲು ಸೋಮಾರಿತನ ಮಾಡುವ ಡ್ರೈವರ್ ಕೈಗೆ ಹೊಸ ಇಂಜಿನ್ ಕೊಡಬಾರದು. ಐದು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿದ್ದರೆ ಇಂಜಿನ್ ಬಂದ್.

500ರಿಂದ 1000 ಕಿ.ಮೀ.: ಮುಕ್ಕಾಲು ಹೊರೆ. ಸಣ್ಣ ಚಡಾವು ಏರಬಹುದು. ಸಾವಿರ ದಾಟಿ, ಎಣ್ಣೆ ಇಳಿಯುವುದು ನಿಂತ ಮೇಲೆ ಪೂರ್ತಿ ಹೊರೆ ಹಾಕಿ. ಇಂಜಿನ್ ಪೂರ್ತಿ ಪಳಗಲು ಇನ್ನೂ ಕೆಲವು ಸಾವಿರ ಕಿ.ಮೀ. ಬೇಕು, ಆದರೆ ಆತಂಕದ ದಿನ ಮುಗಿದಂತೆ.

ಎಲ್ಲ ಹಂತದಲ್ಲೂ ಒಂದು ನಿಯಮ: ತಣ್ಣಗಿನ ಇಂಜಿನ್ನನ್ನು ಸ್ಟಾರ್ಟ್ ಮಾಡಿದೊಡನೆ ರೇಸ್ ಮಾಡಬಾರದು. ಅರ್ಧ-ಒಂದು ನಿಮಿಷ ಬಿಟ್ಟು ಮೆಲ್ಲಗೆ ಹೊರಟು, ದಾರಿಯಲ್ಲೇ ಕಾಯಲು ಬಿಡಬೇಕು. ಟರ್ಬೊ ಗಾಡಿಯನ್ನು ಬಂದ್ ಮಾಡುವ ಮೊದಲು ಒಂದು ನಿಮಿಷ ತಣಿಯಲು ಬಿಡಿ.

ನಮ್ಮ ಕೆಲಸಕ್ಕೆ ಹೊಂದಿಸುವುದು ಹೇಗೆ?

ಇದೆಲ್ಲ ಕೇಳಲು ಚೆಂದ, ಗಾಡಿ ನಿಲ್ಲಿಸಿ ಕೂರಲು ನಮಗೆಲ್ಲಿ ಪುರುಸೊತ್ತು ಎಂದು ನೀವು ಕೇಳಬಹುದು. ಗಾಡಿ ನಿಲ್ಲಿಸಲು ನಾವು ಹೇಳುತ್ತಿಲ್ಲ. ನಮ್ಮ ದಿನಚರಿಯಲ್ಲೇ ಇದಕ್ಕೆ ತಕ್ಕ ಓಡಾಟ ಇದೆ.

ಮುಂಬಯಿಯಲ್ಲಿ ಮಾಟುಂಗ, ದಾದರ್ ಕಡೆಯ ಹೊಟೇಲಿನವರ ಗಾಡಿ ಬೆಳಿಗ್ಗೆ ನಾಲ್ಕು-ಐದು ಗಂಟೆಗೆ ವಾಶಿಯ ಎ.ಪಿ.ಎಂ.ಸಿ. ಮಾರ್ಕೆಟಿಗೆ ಹೋಗುತ್ತದೆ. ಹೋಗುವಾಗ ಖಾಲಿ, ರಸ್ತೆ ತೆರವು, ಬರುವಾಗ ತರಕಾರಿ ತುಂಬಿ ಅರ್ಧ ಹೊರೆ. ಇಂಜಿನ್ ಪಳಗಿಸಲು ಹೇಳಿ ಮಾಡಿಸಿದ ಓಟ ಇದು. ಆದರೆ ಅದೇ ಗಾಡಿಯನ್ನು ಬೆಳಿಗ್ಗೆ ಹತ್ತು ಗಂಟೆಗೆ ಸಯನ್ ಸರ್ಕಲ್ಲಿನ ಟ್ರಾಫಿಕ್ಕಿಗೆ ಕಳುಹಿಸಿದರೆ ಅರ್ಧ ದಾರಿ ಐಡಲ್‌ನಲ್ಲೇ ಕಳೆಯುತ್ತದೆ. ಆ ಓಟಕ್ಕೆ ಎರಡು ವಾರ ಬೇರೆ ಗಾಡಿ ನೋಡಿ. ಪುಣೆಯ ಕೇಟರಿಂಗ್ ಆರ್ಡರಿಗೆ ಪೂರ್ತಿ ಹೊರೆ ಹೇರಿ ಮೊದಲ ವಾರವೇ ಖಂಡಾಲ ಘಾಟಿ ಏರಿಸುವುದಂತೂ ಬೇಡವೇ ಬೇಡ. ಚೆನ್ನೈ, ಹೈದರಾಬಾದಿನವರು ಬೇಸಿಗೆಯ ಮಧ್ಯಾಹ್ನ ಬಿಟ್ಟು ಬೆಳಿಗ್ಗೆ-ಸಂಜೆ ಓಡಿಸಿದರೆ ಒಳ್ಳೆಯದು.

ಹೊರೆಯ ಲೆಕ್ಕವನ್ನು ಕಣ್ಣಂದಾಜಿಗೆ ಬಿಡಬೇಡಿ. ಒಂದೂವರೆ ಟನ್ ಹೊರುವ ಪಿಕಪ್ಪಿಗೆ ಅರ್ಧ ಹೊರೆ ಎಂದರೆ 750 ಕಿಲೋ. 50 ಕಿಲೋದ ಹತ್ತು ಅಕ್ಕಿ ಚೀಲ ಹಾಕಿದರೆ 500 ಆಯಿತು. 50 ಲೀಟರ್ ಸಾಂಬಾರಿನ ಪಾತ್ರೆ ಒಂದೊಂದೂ ಐವತ್ತು ಕಿಲೋ ಮೀರುತ್ತದೆ, ಮೂರು ಪಾತ್ರೆ ಇಟ್ಟರೆ ಇನ್ನೂ 150ಕ್ಕೂ ಹೆಚ್ಚು. ಮೇಲೆ ಇಬ್ಬರು ಹುಡುಗರು ಹತ್ತಿದರೆ ಅರ್ಧ ಹೊರೆ ಮುಗಿಯಿತು. ಟಾಟಾ ಏಸ್‌ನಂಥ ಸಣ್ಣ ಗಾಡಿಗಾದರೆ ಇದು ಪೂರ್ತಿ ಹೊರೆ.

ದಿನಕ್ಕೆ 60-80 ಕಿ.ಮೀ. ಓಡುವ ಗಾಡಿಗೆ ಸಾವಿರ ಕಿ.ಮೀ. ಆಗಲು ಎರಡು-ಎರಡೂವರೆ ವಾರ ಬೇಕು. ಆದ್ದರಿಂದ ಸೀಸನ್ನಿನ ಮೊದಲ ದೊಡ್ಡ ಆರ್ಡರಿನ ದಿನದಿಂದ ಹಿಂದಕ್ಕೆ ಮೂರು ವಾರ ಎಣಿಸಿ, ಆ ದಿನಕ್ಕೆ ಗಾಡಿ ಗ್ಯಾರೇಜಿನಿಂದ ಹೊರಗೆ ಬಂದಿರುವಂತೆ ನೋಡಿಕೊಳ್ಳಿ. ಅದು ಸಾಧ್ಯವಾಗದಿದ್ದರೆ ಆ ಎರಡು ಮೂರು ಆರ್ಡರಿಗೆ ಬಾಡಿಗೆ ಟೆಂಪೊ ಮಾಡುವುದೇ ಲಾಭ.

ಎಣ್ಣೆಯ ವಿಚಾರ

ಪಳಗುವ ತನಕ ಬೆಲೆಬಾಳುವ ಸಿಂಥೆಟಿಕ್ ಎಣ್ಣೆ ಬೇಡ. ಕಂಪನಿ ಹೇಳಿದ ದರ್ಜೆಯ ಮಿನರಲ್ ಎಣ್ಣೆ, ಹೆಚ್ಚಿನ ಹಳೆಯ ಪಿಕಪ್ಪುಗಳಿಗೆ 15-ಡಬ್ಲ್ಯೂ-40, ಸಾಕು. ಎಣ್ಣೆಗೆ ಮೇಲಿಂದ ಯಾವ 'ಟಾನಿಕ್' ಕೂಡ ಸೇರಿಸಬೇಡಿ. ಜಾರಿಸುವ ಔಷಧಿ ಹಾಕಿದರೆ ರಿಂಗ್ ಉಜ್ಜುವುದೇ ನಿಲ್ಲುತ್ತದೆ.

ಮೊದಲ ಎಣ್ಣೆ ಮತ್ತು ಫಿಲ್ಟರನ್ನು 500 ಕಿ.ಮೀ.ಯ ಒಳಗೆ ಬದಲಿಸಿ. ಆ ಎಣ್ಣೆಯನ್ನು ಅಗಲ ಪಾತ್ರೆಗೆ ಇಳಿಸಿ ಬಿಸಿಲಿನಲ್ಲಿ ನೋಡಿ. ಸಣ್ಣ ಮಿನುಗು ಹುಡಿ ಇದ್ದರೆ ಸಹಜ. ಬೆರಳಿಗೆ ಸಿಗುವ ಚೂರು ಇದ್ದರೆ ಗಾಡಿ ಓಡಿಸದೆ ಮೆಕ್ಯಾನಿಕರನ್ನು ಕರೆಸಿ. ಎರಡನೇ ಸಲ ಸಾವಿರದಿಂದ ಎರಡು ಸಾವಿರ ಕಿ.ಮೀ. ನಡುವೆ ಬದಲಿಸಿ, ನಂತರ ಎಂದಿನ ಕ್ರಮ. ಮೊದಲ ಬದಲಾವಣೆಯ ಹೊತ್ತಿಗೆ ಟ್ಯಾಪೆಟ್ ಅಡ್ಜಸ್ಟ್ ಮಾಡುವ ಇಂಜಿನ್ನಾದರೆ ಅದನ್ನೂ ನೋಡಿಸಿ. ಹೆಡ್ ಬೋಲ್ಟ್ ಮತ್ತೆ ಬಿಗಿಯುವುದು ಕೆಲವು ಇಂಜಿನ್ನಿಗೆ ಬೇಕು, ಕೆಲವಕ್ಕೆ ಮುಟ್ಟಲೇಬಾರದು. ಅದು ಗ್ಯಾಸ್ಕೆಟ್ ಮತ್ತು ಬೋಲ್ಟಿನ ಜಾತಿಯ ಮೇಲೆ ನಿಂತಿದೆ. ಕಂಪನಿ ಪುಸ್ತಕ ನೋಡಿಯೇ ಮಾಡಿಸಿ.

1 ಏಪ್ರಿಲ್ 2020ರ ನಂತರ ನೋಂದಣಿಯಾದ ಬಿ.ಎಸ್.-6 ಗಾಡಿಗಳಿಗೆ ಇನ್ನೊಂದು ಎಚ್ಚರ ಬೇಕು. ಅವುಗಳ ಸೈಲೆನ್ಸರಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಇಂಜಿನ್ ಎಣ್ಣೆ ಸುಟ್ಟರೆ ಅದರ ಬೂದಿ ಆ ಫಿಲ್ಟರನ್ನು ಕಟ್ಟಿ ಹಾಕುತ್ತದೆ, ಅದರ ಬೆಲೆ ದೊಡ್ಡದು. ಕಡಿಮೆ ಬೂದಿಯ, ಕಂಪನಿ ಸೂಚಿಸಿದ ಎಣ್ಣೆಯನ್ನೇ ಮೊದಲ ದಿನದಿಂದ ಹಾಕಬೇಕು. ಇಂಥ ಇಂಜಿನ್ ಕೆಲಸವನ್ನು ಕಂಪ್ಯೂಟರ್ ಹಚ್ಚಿ ನೋಡುವ ಗ್ಯಾರೇಜಿನಲ್ಲೇ ಮಾಡಿಸಿ.

ಹೊಗೆ ಏನು ಹೇಳುತ್ತದೆ?

ನೀಲಿ ಹೊಗೆ: ಎಣ್ಣೆ ಉರಿಯುತ್ತಿದೆ. ಮೊದಲ ಕೆಲವು ನೂರು ಕಿ.ಮೀ. ಸ್ವಲ್ಪ ಇರಬಹುದು, ದಿನದಿಂದ ದಿನಕ್ಕೆ ಕಡಿಮೆಯಾಗಬೇಕು. ಸಾವಿರದ ನಂತರವೂ ಹಾಗೆಯೇ ಇದ್ದರೆ ರಿಂಗ್ ಕೂತಿಲ್ಲ, ಇಲ್ಲವೇ ವಾಲ್ವ್ ಕಡೆಯಿಂದ ಎಣ್ಣೆ ಇಳಿಯುತ್ತಿದೆ.

ಕಪ್ಪು ಹೊಗೆ: ಡೀಸೆಲ್ ಹೆಚ್ಚು ಅಥವಾ ಗಾಳಿ ಕಡಿಮೆ. ಏರ್ ಫಿಲ್ಟರ್, ಪಂಪು, ನೋಜಲ್ ನೋಡಿಸಿ. ಹೊರೆ ಹೆಚ್ಚಾದರೂ ಬರುತ್ತದೆ.

ಬಿಳಿ ಹೊಗೆ: ಬೆಳಿಗ್ಗೆ ತಣ್ಣಗಿರುವಾಗ ಸ್ವಲ್ಪ ಬಂದು ನಿಂತರೆ ಭಯವಿಲ್ಲ. ಬಿಸಿಯಾದ ಮೇಲೂ ಬರುತ್ತಾ ಕೂಲಂಟ್ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಸಂಶಯ. ಗಾಡಿ ನಿಲ್ಲಿಸಿ.

ಇಂಜಿನ್ ಚಾಲೂ ಇರುವಾಗ ಎಣ್ಣೆ ಸುರಿಯುವ ಮುಚ್ಚಳ ಸಡಿಲಿಸಿ ನೋಡಿ. ಸಣ್ಣ ಉಸಿರಿನಂತೆ ಹಬೆ ಬಂದರೆ ಸರಿ. ಇಡ್ಲಿ ದಳ್ಳೆಯ ಹಬೆಯಂತೆ ರಭಸವಾಗಿ ನುಗ್ಗಿದರೆ ಒತ್ತಡ ರಿಂಗ್ ದಾಟಿ ಕೆಳಗೆ ಸೋರುತ್ತಿದೆ ಎಂದು ತಿಳಿಯಿರಿ.

ಡ್ರೈವರ್ ಮತ್ತು ಮಾಲಕ

ಇಷ್ಟೆಲ್ಲ ನಡೆಯುವುದು ಡ್ರೈವರ್ ಕೈಯಲ್ಲಿ. ಅವನಿಗೆ "ಮೆಲ್ಲಗೆ ಓಡಿಸು" ಎಂದು ಮಾತ್ರ ಹೇಳಿ, ಆಮೇಲೆ ಹಾಲ್‌ನಿಂದ ಹತ್ತು ಸಲ ಫೋನು ಮಾಡಿ "ಎಲ್ಲಿ ಮುಟ್ಟಿದಿ, ಬೇಗ ಬಾ" ಎಂದರೆ ಅವನು ಯಾವ ಮಾತು ಕೇಳಬೇಕು? ಆ ಎರಡು ವಾರ ಅರ್ಧ ಗಂಟೆ ಮೊದಲೇ ಗಾಡಿ ಹೊರಡಿಸುವುದು ನಮ್ಮ ಜವಾಬ್ದಾರಿ. ಸಾಧ್ಯವಾದಷ್ಟು ಒಬ್ಬನೇ ಡ್ರೈವರ್ ಓಡಿಸಲಿ.

ಗಾಡಿಯಲ್ಲಿ ಒಂದು ಸಣ್ಣ ಪುಸ್ತಕ ಇಡಿ. ದಿನಾಲೂ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಕಿ.ಮೀ., ಎಣ್ಣೆಯ ಮಟ್ಟ, ಕೂಲಂಟ್ ಮಟ್ಟ, ಎಷ್ಟು ಎಣ್ಣೆ ಸುರಿದದ್ದು, ಹೊಗೆಯ ಬಣ್ಣ, ಅಂದಿನ ಹೊರೆ ಬರೆಯಲಿ. ಎರಡು ನಿಮಿಷದ ಕೆಲಸ. ಬರೆಯಲು ಬಾರದವನಾದರೆ ಕೌಂಟರಿನ ಹುಡುಗ ಕೇಳಿ ಬರೆಯಲಿ. ಇಂಜಿನ್ನಿಗೆ ಗ್ಯಾರಂಟಿ ಕೊಟ್ಟ ಗ್ಯಾರೇಜಿನವರೊಂದಿಗೆ ಮಾತಾಡುವಾಗ ಈ ಪುಸ್ತಕವೇ ಸಾಕ್ಷಿ. ಮೇಲೆ ಹೇಳಿದ ಮಾಲಕರಲ್ಲಿ ಇಂಥದೊಂದು ಪುಸ್ತಕ ಇದ್ದಿದ್ದರೆ, ಗಾಡಿ ಎಲ್ಲಿ ಎಷ್ಟು ಹೊತ್ತು ನಿಂತಿತ್ತು ಎಂಬುದು ಮೊದಲ ವಾರವೇ ಕಣ್ಣಿಗೆ ಬೀಳುತ್ತಿತ್ತು. ಒಬ್ಬನ ಅನ್ನ ತಪ್ಪುತ್ತಿರಲಿಲ್ಲ.

ಕಟ್ಟಿಸುವ ಮೊದಲು ಒಂದು ಮಾತು

ದೆಹಲಿ ಮತ್ತು ಸುತ್ತಲಿನ ರಾಜಧಾನಿ ವಲಯದ ಬಂಧುಗಳು ಇಂಜಿನ್ನಿಗೆ ಹಣ ಹಾಕುವ ಮೊದಲು ಗಾಡಿಯ ವಯಸ್ಸು ನೋಡಬೇಕು. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿತು, 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. 2025ರಲ್ಲಿ ಈ ಬಗ್ಗೆ ಕೋರ್ಟಿನಿಂದ ಮತ್ತೆ ಆದೇಶಗಳು ಬಂದಿವೆ. ನಿಮ್ಮ ಗಾಡಿಗೆ ಯಾವುದು ಅನ್ವಯ ಎಂದು ಆರ್.ಟಿ.ಓ. ಕಚೇರಿಯಲ್ಲಿ ಕೇಳಿ ಖಚಿತ ಮಾಡಿಕೊಂಡೇ ಕೆಲಸಕ್ಕೆ ಕೈ ಹಾಕಿ. ಇತರ ಊರಿನವರೂ ಚಾಸಿಸ್, ಬಾಡಿ ತುಕ್ಕು ಹಿಡಿದಿಲ್ಲ, ಫಿಟ್ನೆಸ್ ಸಿಗುತ್ತದೆ ಎಂದು ಮೊದಲು ನೋಡಿಕೊಳ್ಳಿ. ಹೊಸ ಇಂಜಿನ್ ಹಾಕಿದ ಮಾತ್ರಕ್ಕೆ ಮುರಿದ ಚಾಸಿಸ್ ಗಾಡಿಗೆ ಫಿಟ್ನೆಸ್ ಸಿಗುವುದಿಲ್ಲ.

ಹೊಸ ಕಬ್ಬಿಣದ ಕಾವಲಿ ತಂದ ದಿನವೇ ಅದರಲ್ಲಿ ದೋಸೆ ಹೊಯ್ದು ಗಿರಾಕಿಗೆ ಕೊಡುವವರು ನಮ್ಮಲ್ಲಿ ಯಾರೂ ಇಲ್ಲ. ಎಣ್ಣೆ ಸವರಿ, ಕಾಯಿಸಿ, ತಣಿಸಿ, ಮೊದಲ ಕೆಲವು ದೋಸೆ ಬಿಸಾಡಿ ಪಳಗಿಸುತ್ತೇವೆ. ಕಾವಲಿಗೆ ಕೊಡುವ ಆ ತಾಳ್ಮೆಯನ್ನು ಇಂಜಿನ್ನಿಗೂ ಎರಡು-ಮೂರು ವಾರ ಕೊಡೋಣ. ಈ ಸೀಸನ್ನಿನಲ್ಲಿ ಇಂಜಿನ್ ಕೆಲಸ ಮಾಡಿಸುವ ವಿಚಾರದಲ್ಲಿರುವ ಬಂಧುಗಳು ಆರ್ಡರ್ ಪುಸ್ತಕ ತೆರೆದು ಮೊದಲ ದೊಡ್ಡ ಆರ್ಡರಿನ ದಿನ ಇಂದೇ ನೋಡಿಕೊಳ್ಳಿ. ಬ್ಯಾಟರಿಯನ್ನು ಮರೆಯಬೇಡಿ.